ಅರದ ಚಾಕು, ಲಾರಿ ಪ್ಲೇಟಿನ ಮಚ್ಚು: ಗುಜರಿಯಲ್ಲಿ ಯಾವುದಕ್ಕೆ ಕೈ ಹಾಕಬೇಕು?

ತುಮಕೂರಿನ ಗುಜರಿ ಅಂಗಡಿಗಳಲ್ಲಿ ಚಾಕುವಿಗೆ ಒದಗುವ ಉಕ್ಕು ಮುಖ್ಯವಾಗಿ ಮೂರು: ಹಲ್ಲು ಸವೆದ ಅರ, ಕಟ್ಟಾದ ಲಾರಿ ಪ್ಲೇಟು (ಲಾರಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ), ವರ್ಕ್‌ಶಾಪಿನವರು ಎಸೆದ ಪವರ್ ಹ್ಯಾಕ್ಸಾ (ಲೋಹ ಕತ್ತರಿಸುವ ಯಂತ್ರದ ಗರಗಸ) ಬ್ಲೇಡು. ಮೂರರಲ್ಲೂ ಮಾಡಿ, ಅಡುಗೆಮನೆಯಲ್ಲೂ ತೋಟದಲ್ಲೂ ಬಳಸಿದ್ದೇನೆ. ಅಡುಗೆಮನೆಗೆ ಅರವೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅರವನ್ನು ಕುಲುಮೆಗೆ ಹಾಕಬೇಕೋ ಬೇಡವೋ ಎಂಬಲ್ಲಿ ನನ್ನ ಮಾತು ಅನೇಕರಿಗೆ ಹಿಡಿಸುವುದಿಲ್ಲ.

ಒಳ್ಳೆಯ ಅರದ ಉಕ್ಕಿನಲ್ಲಿ ಇಂಗಾಲ ಶೇ 1ರಿಂದ 1.3ರಷ್ಟು. ಪ್ಲೇಟಿನಲ್ಲಿ ಶೇ 0.5–0.6ರ ಆಸುಪಾಸು. ಹಾಗಾಗಿ ಅರ ಬಲು ಗಡಸು, ಅಷ್ಟೇ ಪೆಡಸು. ಕಲ್ಲಿನ ಮೇಲೆ ಬಿದ್ದರೆ ತುಂಡಾದೀತು. ಅದನ್ನು ಚಾಕು ಮಾಡುವುದೆಂದರೆ ಆ ಪೆಡಸನ್ನು ಎಷ್ಟು ಇಳಿಸಬೇಕೋ ಅಷ್ಟೇ ಇಳಿಸುವುದು.

ಕಮ್ಮಾರರ ದಾರಿ ಉದ್ದ. ಸೀಮೆಜಾಲಿ ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ನಿಧಾನಕ್ಕೆ ಆರಲು ಬಿಡಬೇಕು. ಮೆತ್ತಗಾದ ಮೇಲೆ ಹಲ್ಲುಗಳನ್ನೆಲ್ಲ ಉಜ್ಜಿ ತೆಗೆದೇ ಬಡಿಯಬೇಕು. ಗೆರೆ ಉಳಿದರೆ ಬಡಿತಕ್ಕೆ ಒಳಗೆ ಮಡಚಿಕೊಂಡು, ಮುಂದೆ ಅಲ್ಲೇ ಬಿರುಕು ಬಿಡುತ್ತದೆ. ಆಮೇಲೆ ಅಯಸ್ಕಾಂತ ಹಿಡಿಯದಷ್ಟು, ಅಂದರೆ 770 ಡಿಗ್ರಿ ದಾಟಿ ತುಸು ಮೇಲಕ್ಕೆ, ಮತ್ತೆ ಕಾಯಿಸಿ, ಗಡಸಾಗಲು ಎಣ್ಣೆಯಲ್ಲಿ ಅದ್ದುವುದು. ತೆಳ್ಳನೆಯ ಅಲಗನ್ನು ನೀರಿಗೆ ಅದ್ದಿದರೆ ‘ಟಿಂಗ್’ ಅಂತ ಸೀಳುವ ಅಪಾಯವಿದೆ. ನಾನು ಹೊಂಗೆ ಎಣ್ಣೆ ಬಳಸಿದೆ. ಬೆಚ್ಚಗಿದ್ದರೆ ತೆಳುವಾಗಿ ಹರಿದು ಶಾಖವನ್ನು ಬೇಗ ಎಳೆಯುತ್ತದೆ. ವಾಸನೆ ಮಾತ್ರ ಅಂಗಿ ಬಿಟ್ಟು ಹೋಗುವುದಿಲ್ಲ. ಕೊನೆಗೆ ಪೆಡಸು ಇಳಿಸಲು 200 ಡಿಗ್ರಿಗೆ ಕಾಯಿಸುವ ಹದ ಇದ್ದೇ ಇದೆ. ಬಂದ ಚಾಕು ಚೆಂದವೇ, ಬೇಕಾದ ಆಕಾರವೂ ಸಿಗುತ್ತದೆ.

ಇನ್ನೊಂದು ದಾರಿಯಲ್ಲಿ ಬೆಂಕಿಯೇ ಬೇಡ. ಕಾರ್ಖಾನೆ ಕೊಟ್ಟ ಗಡಸುತನವನ್ನು ಪೂರ್ತಿ ಕಳೆದು ಮತ್ತೆ ಕೊಡುವ ಬದಲು ಸ್ವಲ್ಪವೇ ಇಳಿಸಿದರೆ ಸಾಕಲ್ಲ? ಅರವನ್ನು ಒಂದು ಕಡೆ ಹೊಳಪು ಬರುವಂತೆ ಉಜ್ಜಿ, ಮನೆಯ ಓವನ್ನಿನಲ್ಲಿ 200–220 ಡಿಗ್ರಿಗೆ ಒಂದೆರಡು ಗಂಟೆ ಇಟ್ಟು, ಆರಿಸಿ, ಇನ್ನೊಮ್ಮೆ ಇಡುವುದು. ಓವನ್ನಿನ ಗುಂಡಿಯನ್ನು ನಂಬಬೇಡಿ, ಉಕ್ಕಿನ ಬಣ್ಣ ನೋಡಿ: ಹೊಂಬಣ್ಣ ಬಂದರೆ ಸರಿ. ಉಳಿದದ್ದು ಗ್ರೈಂಡರ್ ಕೆಲಸ. ಬರಿಗೈಯಲ್ಲಿ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿ, ಪ್ರತಿ ಎಳೆತಕ್ಕೂ ನೀರಿಗೆ ಅದ್ದಬೇಕು. ಅಂಚಿನಲ್ಲಿ ನೀಲಿ ಕಂಡರೆ ಆ ಜಾಗದ ಹದ ಹೋಯಿತು, ಅಷ್ಟು ಸವೆಸಿ ಒಳಗೆ ಹೋಗುವುದೊಂದೇ ದಾರಿ. ಹಿಡಿ ಕೂರುವ ಬಾಲವನ್ನು ಅರ ಮಾಡುವವರೇ ಸಾಮಾನ್ಯವಾಗಿ ಮೆತ್ತಗೆ ಬಿಟ್ಟಿರುತ್ತಾರೆ. ಹುಣಸೆ ಮರದ ಹಿಡಿಗೆ ನೇರ ಇಳಿಸಬಹುದು.

ಅಲಗಿನಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಿದೆ, ಸಿಗಲಿಲ್ಲ. ಹಣ್ಣಾದ ಟೊಮೆಟೊ ಸಿಪ್ಪೆಯನ್ನು ಎರಡೂ ಒತ್ತದೆ ಕೊಯ್ಯುತ್ತವೆ, ಸಾಣೆಯನ್ನೂ ಅಪರೂಪಕ್ಕೆ ಕೇಳುತ್ತವೆ. ಕುಲುಮೆ ಇಲ್ಲದವರು ಓವನ್ ದಾರಿ ಹಿಡಿಯಲಿ. ‘ಬಡಿಯದೆ ಮಾಡಿದ್ದು ಚಾಕುವೇ ಅಲ್ಲ’ ಅನ್ನುವವರು ಬಡಿದುಕೊಳ್ಳಲಿ.

ಅರ ಆರಿಸುವಾಗ ಒಂದು ಎಚ್ಚರ. ಅಗ್ಗದ ಕೆಲವು ಅರಗಳಿಗೆ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಸಾದಾ ಕಬ್ಬಿಣ. ಚೆನ್ನಾಗಿ ಉಜ್ಜಿ ಒಳಗಿನ ಲೋಹವನ್ನು ಗ್ರೈಂಡರಿಗೆ ಹಿಡಿಯಿರಿ: ಕಿಡಿಗಳು ಸುರುಸುರು ಬತ್ತಿಯಂತೆ ಕವಲೊಡೆದು ಸಿಡಿದರೆ ಕೊಳ್ಳಿ.

ಹಲಸಿನ ಹಣ್ಣಿಗೆ, ತೆಂಗಿನ ಸೋಗೆಗೆ ಅರ ತರಬೇಡಿ. ಗುಬ್ಬಿ, ಚೇಳೂರು ಕಡೆಯ ತೋಟಗಳಲ್ಲಿ ಬೀಸುವ ಕೆಲಸಕ್ಕೆ ಪ್ಲೇಟಿನ ಮಚ್ಚೇ ಬೇಕು. ಅಂಚು ಬೇಗ ಮೊಂಡಾಗುತ್ತದೆ, ನಿಜ; ಆದರೆ ಗಂಟಿಗೆ ತಾಗಿದರೂ ಚಕ್ಕೆ ಏಳುವುದಿಲ್ಲ. ಪ್ಲೇಟು ದಪ್ಪವಾದ್ದರಿಂದ ಇಲ್ಲಿ ಕುಲುಮೆ ಅನಿವಾರ್ಯ, ಕಮ್ಮಾರರಿಗೇ ಬಿಡಿ.

ಹ್ಯಾಕ್ಸಾ ಬ್ಲೇಡು ಹೈಸ್ಪೀಡ್ ಉಕ್ಕಿನದಾದರೆ (ಲೋಹ ಕೊಯ್ಯುವ ಹತಾರಗಳಿಗೆ ಬಳಸುವ ಉಕ್ಕು) ಗ್ರೈಂಡರಿನ ಶಾಖಕ್ಕೂ ಅಷ್ಟು ಸುಲಭಕ್ಕೆ ಹದ ಕಳೆದುಕೊಳ್ಳದು. ಆದರೆ ತೂತು ಹಾಕಲು ಕಾರ್ಬೈಡ್ ಡ್ರಿಲ್ ಬಿಟ್ ಬೇಕೇ ಬೇಕು, ತುಸು ಬಾಗಿಸಿದರೆ ಲಟಕ್. ಚರ್ಮ, ರಬ್ಬರ್ ಕೊಯ್ಯಲು ಗಿಡ್ಡ ಚಾಕು ಸಾಕು ಅನ್ನುವವರಿಗೆ ಅಡ್ಡಿಯಿಲ್ಲ.

ಇನ್ನು ತುಕ್ಕು. ಅರಕ್ಕೂ ಪ್ಲೇಟಿಗೂ ಸ್ಟೇನ್‌ಲೆಸ್ ಗುಣವಿಲ್ಲ. ಮಾವಿನಕಾಯಿ ಹೆಚ್ಚಿದ ದಿನವೇ ಅರದ ಚಾಕು ಕಪ್ಪಾಗುತ್ತದೆ, ಮೊದಲ ಹೋಳುಗಳಿಗೂ ಕಬ್ಬಿಣದ ರುಚಿ ಹತ್ತುತ್ತದೆ. ಕಪ್ಪು ಕೂತ ಮೇಲೆ ಆ ರುಚಿ ಕಡಿಮೆಯಾಯಿತು. ತೊಳೆದು ಒರೆಸಿ ಕೊಬ್ಬರಿ ಎಣ್ಣೆ ಸವರುವ ತಾಳ್ಮೆ ಇಲ್ಲದ ಮನೆಗೆ ಅಂಗಡಿಯ ಸ್ಟೀಲ್ ಚಾಕುವೇ ವಾಸಿ.