ಬತ್ತಳಿಕೆ ಮರವೋ, ಲೋಳೆಸರವೋ: ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಯಾವುದು?

ಎರಡೂ ಒಣಸೀಮೆಯ ಗಿಡಗಳೇ. ಲೋಳೆಸರದ ಮೂಲ ಅರೇಬಿಯಾ. ಬತ್ತಳಿಕೆ ಮರದ್ದು ದಕ್ಷಿಣ ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್. ಅಲ್ಲಿನ ಸಾನ್ ಜನ ಇದರ ಟೊಂಗೆಯನ್ನು ಟೊಳ್ಳು ಮಾಡಿ ಬಾಣ ಇಟ್ಟುಕೊಳ್ಳುತ್ತಿದ್ದರು. 2013ರವರೆಗೆ ಅಲೋ ಕುಲದಲ್ಲಿದ್ದ ಇದರ ಈಗಿನ ಹೆಸರು ಅಲೋಯ್ಡೆಂಡ್ರಾನ್ ಡೈಕಾಟಮಮ್. ಎರಡನ್ನೂ ತಾರಸಿಯ ಮೇಲೆ ಒಂದೇ ಸಾಲಿನಲ್ಲಿಟ್ಟು ಒಂದೇ ಲೆಕ್ಕದಲ್ಲಿ ನೀರು ಹಾಕಿದರೆ ಒಂದು ಮಳೆಗಾಲಕ್ಕೇ ವ್ಯತ್ಯಾಸ ಕಾಣುತ್ತದೆ: ಲೋಳೆಸರ ಸುತ್ತಲೂ ಮರಿ ಹಾಕಿರುತ್ತದೆ, ಬತ್ತಳಿಕೆ ಮರದ ಬುಡ ಮೆತ್ತಗಾಗಿರುತ್ತದೆ.

ಹಗಲಿನ ಬಿಸಿಲು ಇದಕ್ಕೆ ಕಾರಣವಲ್ಲ. ಬತ್ತಳಿಕೆ ಮರದ ಟೊಂಗೆಗೆ ಬಿಳಿ ಪುಡಿಯ ಲೇಪವಿದ್ದು, ಅದೇ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ತೊಂದರೆ ಇರುವುದು ರಾತ್ರಿಯಲ್ಲಿ. ಈ ಗಿಡಗಳು ರಾತ್ರಿ ಎಲೆಯ ರಂಧ್ರ ತೆರೆದು ಉಸಿರಾಡುತ್ತವೆ, ಅದಕ್ಕೆ ತಂಪು ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತಾರಸಿಯ ಕಾಂಕ್ರೀಟು ನಡುರಾತ್ರಿಯೂ ಕಾವು ಬಿಡುತ್ತಿರುತ್ತದೆ. ಬತ್ತಳಿಕೆ ಮರ ಆಗ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಬೇರು ನೀರು ಕುಡಿಯದ ಆ ಹೊತ್ತಿನಲ್ಲಿ ಮಣ್ಣು ಹಸಿಯಾಗಿದ್ದರೆ ಕೊಳೆ ಖಚಿತ. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲಿಡಿ.

ಮಣ್ಣಿನ ವಿಷಯದಲ್ಲಿ ಲೋಳೆಸರ ಉದಾರಿ. ಎರಡು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ ಸಾಕು. ಎರೆಹೊಲದಲ್ಲಾದರೆ ಒಂದಡಿ ಎತ್ತರದ ದಿಬ್ಬ ಕಟ್ಟಿ, ಎರಡಡಿಗೊಂದು ನೆಡಬೇಕು; ಸಮನೆಲದಲ್ಲಿ ನೆಟ್ಟರೆ ಮಳೆಗೆ ಎರೆ ಉಬ್ಬಿ ಬೇರಿಗೆ ಗಾಳಿ ಸಿಗುವುದಿಲ್ಲ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಬತ್ತಳಿಕೆ ಮರವನ್ನು ಎರೆಗೆ ಹಾಕಲೇಬೇಡಿ. ಹತ್ತು ಇಂಚಿನ ಮಣ್ಣಿನ ಕುಂಡ, ಒಂದು ಪಾಲು ಮಸಾರಿ, ಎರಡು ಪಾಲು ದಪ್ಪ ಮರಳು, ಎರಡು ಪಾಲು ಇಟ್ಟಿಗೆ ಚೂರು. ಎಂ-ಸ್ಯಾಂಡ್ ಆದರೆ ಎರಡು ಮೂರು ಸಲ ತೊಳೆದು ಬಳಸಿ, ಇಲ್ಲದಿದ್ದರೆ ಅದರ ದೂಳು ತಳದಲ್ಲಿ ಕೂತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ನೀರು: ಬತ್ತಳಿಕೆ ಮರಕ್ಕೆ ನವೆಂಬರಿನಿಂದ ಫೆಬ್ರವರಿವರೆಗೆ 12-15 ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಂಜೆ ಹೊತ್ತು ಒಂದೆರಡು ಲೋಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸೂರಿನಡಿ ಇರಲಿ, ಸೆಪ್ಟೆಂಬರ್ ಮಳೆಗೆ ಒಡ್ಡಲೇಬಾರದು. ಲೋಳೆಸರಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಅದರ ಎಲೆ ಏಪ್ರಿಲ್‌ನಲ್ಲಿ ಕೆಂಪಗಾಗುವುದು ರೋಗವಲ್ಲ, ಬಿಸಿಲಿನ ಬಣ್ಣ. ಅರೆನೆರಳಿಗೆ ಸರಿಸಿದರೆ ಹಸಿರಾಗುತ್ತದೆ. ಬೋರ್‌ವೆಲ್‌ನ ಸವುಳು ನೀರು ಹಾಕುವವರ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಅದನ್ನು ಕೆರೆದು ತೆಗೆದು, ಮಳೆನೀರನ್ನು ತಳದಿಂದ ಹರಿದುಹೋಗುವಷ್ಟು ಹಾಕಿ ತೊಳೆಯಬೇಕು. ಬತ್ತಳಿಕೆ ಮರಕ್ಕೆ ಈ ತೊಳೆಯುವ ಕೆಲಸ ಚಳಿಗಾಲದಲ್ಲೇ ಆಗಲಿ.

ಬಹಳ ಜನ ಎಡವುವುದು ಇಲ್ಲಿ: ಎಲೆ ಸುಕ್ಕಾದರೆ ಬಾಯಾರಿಕೆ ಎಂದು ಇನ್ನಷ್ಟು ನೀರು ಸುರಿಯುತ್ತಾರೆ. ಮಣ್ಣು ಹಸಿಯಾಗಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಸತ್ತಿದೆ ಎಂದೇ ಅರ್ಥ. ಗಿಡ ಕಿತ್ತು, ಸ್ಪಿರಿಟ್ ಒರೆಸಿದ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ನೆರಳಲ್ಲಿ 7-10 ದಿನ ಒಣಗಿಸಿ, ಒಣಮಣ್ಣಿಗೆ ನೆಟ್ಟು ಒಂದು ವಾರ ನೀರು ಮುಟ್ಟಿಸಬೇಡಿ. ಲೋಳೆಸರ ಹೀಗೆ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಬತ್ತಳಿಕೆ ಮರದ ಕಾಂಡದ ನಡುವೆ ಕಂದು ಕಲೆ ಏರಿದ್ದರೆ ಉಳಿಸುವುದು ಕಷ್ಟ.

ಹಿಟ್ಟು ತಿಗಣೆ ಎರಡಕ್ಕೂ ಬರುತ್ತದೆ, ಎಲೆಗಳ ಸಂದಿಯಲ್ಲಿ ಅಡಗುತ್ತದೆ. ಬತ್ತಳಿಕೆ ಮರಕ್ಕೆ ಬೇವಿನೆಣ್ಣೆ ಸಿಂಪಡಿಸಿದರೆ ಮೈಮೇಲಿನ ಪುಡಿ ಅಳಿಯುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಒರೆಸುವುದೇ ಸರಿ.

ಮನೆಬಳಕೆಗೆ, ಹೊಲದ ಬದುವಿಗೆ ಲೋಳೆಸರವೇ ಇರಲಿ. ಎಲೆ ಕೊಯ್ದ ಮೇಲೆ ಹಳದಿ ರಸ ಇಳಿಯಲು ಕಾಲು ಗಂಟೆ ನಿಲ್ಲಿಸಿಡಿ, ಅದು ಹೊಟ್ಟೆಗೆ ಹೋದರೆ ಭೇದಿ. ಬತ್ತಳಿಕೆ ಮರ ಮಳೆ ತಡೆಯುವ ಸೂರು ಇರುವವರಿಗೆ ಮಾತ್ರ. ಅದು ಅಳಿವಿನ ಅಪಾಯದಲ್ಲಿದೆ, ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಇದೆ. ಕೊಳ್ಳುವಾಗ ಬೀಜದಿಂದ ನರ್ಸರಿಯಲ್ಲಿ ಬೆಳೆಸಿದ ಸಸಿಯೇ ಎಂದು ಕಾಗದ ನೋಡಿ ಖಚಿತಪಡಿಸಿಕೊಳ್ಳಿ.