ಡಯಾಲಿಸಿಸ್ ಇದ್ದವರಿಗೆ ಯಾವ ವಾಲ್ವ್? ಮಂಗಳೂರಿನ ಒಂದು ಹೃದಯ ವಿಭಾಗದಲ್ಲಿ ನಮಗಾದ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆಯವರು ಹೃದಯದ ಆಪರೇಷನ್ ಅಂದರೆ ಹೆಚ್ಚಾಗಿ ಮಂಗಳೂರಿಗೇ ಹೋಗುವುದು. ನಾವೂ ಮಾವನನ್ನು ಅಲ್ಲಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೂರೂ ಇರುವುದರಿಂದ ಹೆಸರು ಹಾಕುವುದಿಲ್ಲ. ಮಾವನಿಗೆ ವಾರಕ್ಕೆ 3 ಸಲ ಡಯಾಲಿಸಿಸ್. ಅದರ ಮೇಲೆ ಹೃದಯದಿಂದ ಮೈಗೆ ರಕ್ತ ಹೋಗುವ ಬಾಗಿಲಿನಂಥ ಅಯೋರ್ಟಿಕ್ ವಾಲ್ವ್ (ಕವಾಟ) ಗಟ್ಟಿಯಾಗಿ ಕಿರಿದಾಗಿತ್ತು, ಅದನ್ನು ಬದಲಿಸಬೇಕಿತ್ತು.

ದೂರು ಮೊದಲು ಹೇಳುತ್ತೇನೆ. ಕೌಂಟರಿನಲ್ಲಿ ವಾಲ್ವ್‌ಗಳ ರೇಟಿನ ಹಾಳೆ ಕೊಟ್ಟು "ಮೆಟಲ್ ಬೇಕಾ ಟಿಶ್ಯೂ ಬೇಕಾ, ನಾಳೆ ಹೇಳಿ" ಅಂದರು. ಇದು ಮಿಕ್ಸಿ ಆರಿಸುವ ವಿಷಯವಾ? ಕಿಡ್ನಿ ಡಾಕ್ಟರನ್ನೂ ಕೂರಿಸಿ ಮಾತಾಡಬೇಕು ಎಂದು ಹಟ ಹಿಡಿದ ಮೇಲೆಯೇ ಸರಿಯಾದ ಮಾತುಕತೆ ಆಯಿತು.

ಆದರೆ ಆ ಮಾತುಕತೆ ನಿಜವಾಗಿಯೂ ಚೆನ್ನಾಗಿತ್ತು. ಕಿಡ್ನಿ ಹೋದರೆ ಕ್ಯಾಲ್ಸಿಯಂ, ಫಾಸ್ಫರಸ್ ಲೆಕ್ಕ ತಪ್ಪುತ್ತದೆ, ಟಿಶ್ಯೂ ವಾಲ್ವ್ ಬೇಗ ಗಟ್ಟಿಯಾಗಬಹುದು. ಅದಕ್ಕೇ 1998ರ ಅಮೆರಿಕದ ಮಾರ್ಗಸೂಚಿಯಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮೆಕ್ಯಾನಿಕಲ್ (ಕೌಂಟರಿನವರು ಮೆಟಲ್ ಅಂದದ್ದು) ಎಂದೇ ಇತ್ತು. 2002ರಲ್ಲಿ ಅಲ್ಲಿನ ಸಾವಿರಾರು ಡಯಾಲಿಸಿಸ್ ರೋಗಿಗಳ ದಾಖಲೆ ನೋಡಿದಾಗ, ಯಾವ ವಾಲ್ವ್ ಹಾಕಿಸಿಕೊಂಡರೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಆ ಸಲಹೆ ಕೈಬಿಟ್ಟರು. ಟಿಶ್ಯೂ ವಾಲ್ವನ್ನು ದನದ ಹೃದಯದ ಹೊರಪೊರೆಯಿಂದಲೋ ಹಂದಿಯ ವಾಲ್ವಿನಿಂದಲೋ ಮಾಡುತ್ತಾರೆ ಎಂಬುದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ನಮ್ಮಂಥ ಮನೆಯವರಿಗೆ ಅದನ್ನು ಮೊದಲೇ ಹೇಳಲೇಬೇಕು, ಅಲ್ವಾ? ಮಾವ ಒಂದು ಕ್ಷಣ ಸುಮ್ಮನಿದ್ದು "ಆಗಲಿ" ಅಂದರು.

ನನಗೆ ತುಂಬಾ ಹಿಡಿಸಿದ್ದು ಡಾಕ್ಟರ ಒಂದು ಪ್ರಶ್ನೆ. "ನಿಮ್ಮ ಊರಲ್ಲೇ ಐಎನ್‌ಆರ್ ಟೆಸ್ಟ್ ಆಗ್ತದಾ?" ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ರಕ್ತಪರೀಕ್ಷೆ. ಮೆಕ್ಯಾನಿಕಲ್ ಹಾಕಿದರೆ ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಥರದ ಮಾತ್ರೆ ಬೇಕು, ರಕ್ತ ಎಷ್ಟು ತೆಳುವಾಗಿದೆ ಎಂದು ಆಗಾಗ ನೋಡುತ್ತಿರಬೇಕು, ಬಸಳೆ, ಹರಿವೆ ಒಂದು ವಾರ ಜಾಸ್ತಿ ತಿಂದು ಮುಂದಿನ ವಾರ ಬಿಟ್ಟರೂ ಆ ಲೆಕ್ಕ ಏರುಪೇರಾಗುತ್ತದೆ. ಟೆಸ್ಟ್ ಬೇಡದ ಹೊಸ ಮಾತ್ರೆಗಳು ಈ ವಾಲ್ವಿಗೆ ಆಗುವುದಿಲ್ಲ. ಡಯಾಲಿಸಿಸ್ ಹೊತ್ತಿಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಹೆಪಾರಿನ್ ಬೇರೆ ಕೊಡುತ್ತಾರೆ. ಸೂಜಿ ತೆಗೆದ ಮೇಲೆ ಮಾವನ ಫಿಸ್ಟುಲಾದಿಂದ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಈಗಲೇ ರಕ್ತ ನಿಲ್ಲುವುದು ತಡ, ಹಿಂದೆ ಹೊಟ್ಟೆಯೊಳಗೂ ರಕ್ತ ಹೋಗಿತ್ತು. ಮತ್ತೆ 2020ರಲ್ಲಿ ಕೊರೊನಾ ಹೊತ್ತಿಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ಕಾಸರಗೋಡಿನ ರೋಗಿಗಳು ಈಚೆಗೇ ಉಳಿದದ್ದನ್ನು ನಾವು ಮರೆತಿಲ್ಲ. ಟೆಸ್ಟಿಗೂ ಗಡಿ ದಾಟಬೇಕಾದ ಸ್ಥಿತಿ ಬೇಡವೇ ಬೇಡ. ಟಿಶ್ಯೂ ಎಂದು ಒಪ್ಪಿಕೊಂಡೆವು.

ಎಲ್ಲರಿಗೂ ಇದೇ ಸರಿ ಅಂತಲ್ಲ. ವಯಸ್ಸು ಚಿಕ್ಕದು, ಕಿಡ್ನಿ ಕಸಿ ಆಗುವ ನಿರೀಕ್ಷೆ ಇದೆ, ಅಥವಾ ಬೇರೆ ಕಾರಣಕ್ಕೆ ಈಗಾಗಲೇ ವಾರ್ಫರಿನ್ ತಗೊಳ್ಳುತ್ತಿದ್ದಾರೆ ಅಂದರೆ ಮೆಕ್ಯಾನಿಕಲ್ ಬಗ್ಗೆಯೂ ಕೇಳಿ. ನಮ್ಮ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲೇ ಅಂಥದೊಂದು ವಾಲ್ವ್ ತಯಾರಾಗಿ 1990ರಲ್ಲಿ ಮೊದಲ ರೋಗಿಗೆ ಹಾಕಿದ್ದರು. ಅದಕ್ಕೂ ಮಾತ್ರೆ ತಪ್ಪಿದ್ದಲ್ಲ.

ಆಪರೇಷನ್, ನರ್ಸ್‌ಗಳ ಆರೈಕೆ ಎಲ್ಲ ಚೆನ್ನಾಗಿತ್ತು. ಡಿಸ್ಚಾರ್ಜ್ ಹಾಳೆ ಮಾತ್ರ ಬರೀ ಇಂಗ್ಲಿಷಿನಲ್ಲಿ. ಒಬ್ಬ ನರ್ಸ್ ಕೂತು ಕನ್ನಡದಲ್ಲಿ ಬರೆದುಕೊಟ್ಟರು: ಜ್ವರ ಬಂದರೆ ಮನೆಯಲ್ಲಿದ್ದ ಆಂಟಿಬಯಾಟಿಕ್ ನುಂಗಬೇಡಿ, ಮೊದಲು ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಎಂಬ ಪರೀಕ್ಷೆ) ಮಾಡಿಸಿ, ಹಲ್ಲು ಕೀಳಿಸುವ ಮುಂಚೆ ವಾಲ್ವ್ ಇದೆ ಎಂದು ಹೇಳಿ. ಆ ಚೀಟಿ ಈಗ ಡಯಾಲಿಸಿಸ್ ಫೈಲಿನ ಮೊದಲ ಪುಟದಲ್ಲಿದೆ.