ಬಿದ್ದ ವಾಚು: ಕೀ ಕೊಡುವುದು, ಆಟೊಮ್ಯಾಟಿಕ್, ಸೆಲ್, ಜಿ-ಶಾಕ್ – ಯಾವುದಕ್ಕೆ ಎಷ್ಟು ಏಟು?

ಬಿದ್ದ ವಾಚನ್ನು ಎತ್ತಿದ ಕೂಡಲೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಅಭ್ಯಾಸ ಬಹಳ ಜನಕ್ಕೆ. ಅಲ್ಲಾಡಿಸಬೇಡಿ, ಮೊದಲು ಗಾಜು ನೋಡಿ. ಒಡೆದಿದ್ದರೆ ಅದರ ಪುಡಿ ಮುಳ್ಳುಗಳ ಬುಡದ ತೂತಿನಿಂದ ಒಳಗಿನ ಗಾಲಿಗಳಿಗೆ ಇಳಿಯಬಹುದು. ಸೆಲ್ ವಾಚಾದರೆ ಕ್ರೌನ್ (ಬದಿಯ ತಿರುಗುಗುಂಡಿ) ಹೊರಗೆಳೆಯಿರಿ, ನಿಲ್ಲುತ್ತದೆ. ಸೀಕೋ 7ಎಸ್26 ಮಷಿನ್ ಇರುವ ಆಟೊಮ್ಯಾಟಿಕ್‌ಗೆ ಆ ಸೌಲಭ್ಯವಿಲ್ಲ. ಮುಖ ಕೆಳಗೆ ಮಾಡಿ ಕದಲಿಸದೆ ಇಟ್ಟರೆ ಸುಮಾರು 40 ಗಂಟೆಯಲ್ಲಿ ತಾನೇ ನಿಲ್ಲುತ್ತದೆ.

ಈ ವಿಷಯದಲ್ಲಿ ಕೀ ಕೊಡುವ ಎಚ್‌ಎಂಟಿ ಜನತಾ ಪುಣ್ಯವಂತ. ಅದರ ಗಾಜು ಅಕ್ರಿಲಿಕ್. ಗೀರು ಬೀಳುತ್ತದೆ, ಚೂರಾಗುವುದು ಅಪರೂಪ. ಗೀರನ್ನು ಬ್ರಾಸೋ ಹಾಕಿ ಉಜ್ಜಿದರೂ ಹೋಗುತ್ತದೆ. ಡಯಲ್ ಮೇಲಿರುವ 'ಪ್ಯಾರಾಶಾಕ್' ಎಂದರೆ ಬ್ಯಾಲೆನ್ಸ್ ಗಾಲಿಯ (ಅತ್ತಿತ್ತ ತೂಗಿ ಸಮಯ ನಡೆಸುವ ಗಾಲಿ) ತುದಿ ಕೂರುವ ಕಲ್ಲನ್ನು ಪುಟ್ಟ ಸ್ಪ್ರಿಂಗ್ ಹಿಡಿದಿದೆ ಎಂದರ್ಥ. ಆ ತುದಿಯ ದಪ್ಪ ಸುಮಾರು 0.1 ಮಿ.ಮೀ. ಅಷ್ಟೇ. ಬಿದ್ದ ತಕ್ಷಣ ನಿಂತಿದ್ದರೆ ಗಾಬರಿ ಬೇಡ: ಎಷ್ಟೋ ಸಲ ಸ್ಪ್ರಿಂಗ್ ಜಾಗ ಬಿಟ್ಟಿರುತ್ತದೆ, ಕೂರಿಸಿದರೆ ಓಡುತ್ತದೆ. ತುದಿಯೇ ಮುರಿದಿದ್ದರೆ ಬ್ಯಾಲೆನ್ಸ್ ಸ್ಟಾಫ್ (ಆ ಗಾಲಿಯ ಅಚ್ಚು) ಬದಲಿಸಬೇಕು. ಕಾರ್ಖಾನೆ ನಿಂತಿರುವುದರಿಂದ ಬಿಡಿಭಾಗ ಸಾಮಾನ್ಯವಾಗಿ ಹಳೆಯ ವಾಚಿನಿಂದಲೇ ಬರುತ್ತದೆ.

ನಾಲ್ಕರಲ್ಲಿ ಹೆಚ್ಚು ಮೋಸ ಮಾಡುವುದು ಆಟೊಮ್ಯಾಟಿಕ್. ಓಡುತ್ತಲೇ ಇರುತ್ತದೆ, ಒಳಗೆ ಪೆಟ್ಟಾಗಿರುತ್ತದೆ. ವಾಚನ್ನು ಮಲಗಿಸಿ ನಿಧಾನವಾಗಿ ತಿರುಗಿಸಿ. ಕರಕರ ಸದ್ದು ಬಂದರೆ ರೋಟರಿನ (ಕೈ ಅಲುಗಾಟಕ್ಕೆ ತಿರುಗಿ ಕೀ ತುಂಬುವ ತೂಕ) ಸ್ಕ್ರೂ ಸಡಿಲಾಗಿದೆ ಎಂಬ ಅನುಮಾನ. ಆಮೇಲೆ ಮೂರು ದಿನ ಒಂದೇ ಹೊತ್ತಿಗೆ ಮೊಬೈಲಿನ ಸಮಯಕ್ಕೆ ಹೋಲಿಸಿ ಬರೆದಿಡಿ. ದಿನಕ್ಕೆ ಅರ್ಧ ನಿಮಿಷದ ಹೆಚ್ಚುಕಮ್ಮಿ ಇಂಥ ಮಷಿನ್‌ಗೆ ಸಹಜ. ಹಲವು ನಿಮಿಷ ಮುಂದೋಡಿದರೆ ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸ್ ಗಾಲಿಯ ತೆಳು ಸುರುಳಿ) ಸುತ್ತುಗಳು ಒಂದಕ್ಕೊಂದು ತಾಗುತ್ತಿವೆ, ಇಲ್ಲವೇ ಅಯಸ್ಕಾಂತ ಹಿಡಿದಿದೆ. ದಿಕ್ಸೂಚಿ ಹತ್ತಿರ ತಂದು ನೋಡಿ. ದಿಕ್ಸೂಚಿಯ ಮುಳ್ಳು ಅದುರಿದರೆ ಮೊದಲು ಡೀಮ್ಯಾಗ್ನೆಟೈಸರ್ (ಅಯಸ್ಕಾಂತತೆ ತೆಗೆಯುವ ಸಾಧನ), ಬಿಚ್ಚುವುದು ನಂತರ. ಟೈಮ್‌ಗ್ರಾಫರ್ (ಟಿಕ್ ಸದ್ದಿನಿಂದ ವಾಚಿನ ಓಟ ಅಳೆಯುವ ಯಂತ್ರ) ಇರುವ ಅಂಗಡಿಯಲ್ಲಿ, 7ಎಸ್26 ಆಗಿದ್ದರೆ ಲಿಫ್ಟ್ ಆಂಗಲ್ (ಮಷಿನ್ನಿಗೆ ತಕ್ಕ ಸೆಟ್ಟಿಂಗ್) 53 ಡಿಗ್ರಿಗೆ ಇಡಿಸಿ, ಡಯಲ್ ಮೇಲೆ ಮತ್ತು ಡಯಲ್ ಕೆಳಗೆ ಎರಡೂ ಭಂಗಿಯಲ್ಲಿ ಅಳೆಸಿ. ಆ್ಯಂಪ್ಲಿಟ್ಯೂಡ್ (ಬ್ಯಾಲೆನ್ಸ್ ಗಾಲಿ ತೂಗುವ ಕೋನ) ಒಂದರಲ್ಲಿ 270, ಇನ್ನೊಂದರಲ್ಲಿ 210 ಡಿಗ್ರಿ ಬಂದರೆ ಒಂದು ಬದಿಯ ತುದಿ ಜಜ್ಜಿದೆ ಎಂದೇ ಲೆಕ್ಕ. ಒಂದೇ ಭಂಗಿಯಲ್ಲಿ ನೋಡಿ 'ಚೆನ್ನಾಗಿದೆ' ಎನ್ನುವವರ ಮಾತು ನಂಬಬೇಡಿ.

ಸೆಲ್ ವಾಚಿನಲ್ಲಿ ಇಷ್ಟು ತಲೆನೋವಿಲ್ಲ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು ಏಟಿಗೆ ಹಾಳಾಗುವುದು ಕಡಿಮೆ, ಆದ್ದರಿಂದ ಓಡುತ್ತಿದ್ದರೆ ಸಮಯ ಬಹುತೇಕ ಸರಿಯೇ. ಸೆಕೆಂಡ್ ಮುಳ್ಳು ನಿಂತಲ್ಲೇ ಮಿಡಿಯುತ್ತಿದ್ದರೆ ಅದು ಇನ್ನೊಂದು ಮುಳ್ಳಿಗೆ ತಾಗುತ್ತಿರಬಹುದು. ಪೂರ್ತಿ ನಿಂತಿದ್ದರೆ ಮೊದಲು ಸೆಲ್ಲಿಗೆ ತಾಗುವ ಲೋಹದ ಪಟ್ಟಿ ಸರಿದಿದೆಯೇ ನೋಡಿ, ಬಳಿಕ ಮಲ್ಟಿಮೀಟರನ್ನು ಕಾಯಿಲ್ (ತಂತಿಯ ಸುರುಳಿ) ಮೇಲೆ ಇಡಿ. ಒಂದೆರಡು ಕಿಲೋ ಓಮ್ ತೋರಿಸದೆ ಓಪನ್ ತೋರಿಸಿದರೆ ತಂತಿ ತುಂಡಾಗಿದೆ. ಸಾಮಾನ್ಯ ಮಷಿನ್ ಆಗಿದ್ದರೆ ಇಡೀ ಮಷಿನ್ ಬದಲಿಸುವುದೇ ಅಗ್ಗ.

ಕ್ಯಾಸಿಯೊದ ಜಿ-ಶಾಕ್ 1983ರಲ್ಲಿ ಹುಟ್ಟಿದ್ದೇ ಬೀಳುವುದಕ್ಕೆ. ಅದರಲ್ಲಿ ಪರೀಕ್ಷಿಸಬೇಕಾದ್ದು ಗುಂಡಿ, ಲೈಟು ಮತ್ತು ಹೊರಗಿನ ರೆಸಿನ್ ಬಿರುಕು, ಅಷ್ಟೇ. ಗಾರೆ ಕೆಲಸ, ಕ್ರಿಕೆಟ್ಟು, ಬೈಕಿಗೆ ಇದನ್ನೇ ಕಟ್ಟಿ.

'ಶಾಕ್ ರೆಸಿಸ್ಟೆಂಟ್' ಎಂಬ ಬರಹ ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ಮೇಲೆ ಬೀಳುವುದಕ್ಕೆ ಸಮನಾದ ಏಟಿನ ಲೆಕ್ಕ. ಗ್ರಾನೈಟ್ ನೆಲಕ್ಕೆ ಅದು ಅನ್ವಯಿಸದು. ಕ್ರೌನ್ ಬದಿಗೆ ಬಿದ್ದಿದ್ದರೆ, ವಾಚು ಯಾವುದೇ ಇರಲಿ, ಒಳಗಿನ ಕಡ್ಡಿ ಬಾಗಿರಬಹುದು, ಸೀಲು ಸರಿದಿರಬಹುದು. ಪ್ರೆಷರ್ ಟೆಸ್ಟ್ ಆಗುವವರೆಗೆ ನೀರು ಸೋಕಿಸಬೇಡಿ. ಬೆಲ್ಟಿನ ಪಿನ್ನುಗಳನ್ನೂ ಜೊತೆಗೇ ಬದಲಿಸಿ, ಬಾಗಿದ ಪಿನ್ನು ಮತ್ತೆ ಕಳಚಿಕೊಳ್ಳುತ್ತದೆ.